ಲೂಪಸ್‌ನಲ್ಲಿ ಪ್ಲೇಟ್‌ಲೆಟ್ ಬಿದ್ದಾಗ ಹಾರ್ಮೋನ್ ಮಾತ್ರೆ: ಟ್ರಯಲ್‌ಗೆ ಸಹಿ ಹಾಕೋ ಮುಂಚೆ ಕೇಳಿದ ಪ್ರಶ್ನೆಗಳು

ಪ್ರಶ್ನೆ: ಮೇಡಂ, ನನ್ನ ತಂಗಿಗೆ 29 ವರ್ಷ, ಲೂಪಸ್ ಇದೆ, ದೇಹದ ರಕ್ಷಣಾ ಶಕ್ತಿ ತನ್ನ ದೇಹದ ಮೇಲೇ ತಿರುಗಿ ಬೀಳೋ ಕಾಯಿಲೆ. ರಕ್ತ ಹೆಪ್ಪುಗಟ್ಟಿಸೋ ಕಣಗಳು, ಪ್ಲೇಟ್‌ಲೆಟ್, ಪದೇ ಪದೇ 20 ಸಾವಿರಕ್ಕೆ ಇಳಿಯತ್ತೆ, ಸ್ಟೀರಾಯ್ಡ್ ಜಾಸ್ತಿ ಮಾಡಿದ್ರೆ ಏರತ್ತೆ, ಕಡಿಮೆ ಮಾಡ್ತಿದ್ದಂಗೆ ಮತ್ತೆ ಬೀಳತ್ತೆ. ಈಗ ಡ್ಯಾನಜಾಲ್ ಅನ್ನೋ ಹಾರ್ಮೋನ್ ಮಾತ್ರೆ ಟೆಸ್ಟ್ ಮಾಡೋ ಒಂದು ಟ್ರಯಲ್‌ಗೆ ಸೇರ್ತೀರಾ ಅಂತ ಡಾಕ್ಟರು ಕೇಳಿದಾರೆ. ಗಂಡಸರ ಹಾರ್ಮೋನ್ ಥರ ಅಂತೆ. ಅದನ್ನ ಹೆಣ್ಮಗಳಿಗೆ ಯಾಕೆ ಕೊಡ್ಬೇಕು? ಹಳೇ ಔಷಧಿ ಅಂದ್ಮೇಲೆ ಮತ್ತೆ ಟೆಸ್ಟ್ ಯಾಕೆ? ಸೇರೋದಾ ಬೇಡ್ವಾ?

ಉತ್ತರ: ಮಾತ್ರೆ ವಿಷಯಕ್ಕೆ ಬರೋ ಮುಂಚೆ ಒಂದು ಮಾತು. ಬಾಯೊಳಗೆ ರಕ್ತದ ಗುಳ್ಳೆ, ನಿಲ್ಲದೆ ಸುರಿಯೋ ಮೂಗಿನ ರಕ್ತ, ಕಪ್ಪಗೆ ಹೋಗೋ ಮಲ, ವಿಪರೀತ ಮುಟ್ಟು, ಇದ್ದಕ್ಕಿದ್ದಂಗೆ ಬರೋ ಜೋರು ತಲೆನೋವು, ಇದ್ರಲ್ಲಿ ಯಾವುದಾದ್ರೂ ಒಂದು ಕಂಡ್ರೆ ಟ್ರಯಲ್ ಮಾತೆಲ್ಲ ಪಕ್ಕಕ್ಕಿಟ್ಟು ಆ ಕ್ಷಣ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ. ಡ್ಯಾನಜಾಲ್ ನಿಧಾನಕ್ಕೆ ಕೆಲಸ ಮಾಡೋ ಔಷಧಿ, ಇವತ್ತು ಸೋರ್ತಿರೋ ರಕ್ತವನ್ನ ಅದು ನಿಲ್ಲಿಸಲ್ಲ. ಅದಕ್ಕೆ ಸ್ಟೀರಾಯ್ಡ್, ಇಮ್ಯುನೋಗ್ಲಾಬ್ಯುಲಿನ್ ಡ್ರಿಪ್ ಇವೇ ಬೇಕು.

ಈಗ ಯಾಕೆ ಬೀಳತ್ತೆ ಅನ್ನೋದು. ಲೂಪಸ್‌ನಲ್ಲಿ ದೇಹ ತನ್ನದೇ ಪ್ಲೇಟ್‌ಲೆಟ್ ಮೇಲೆ ಆಂಟಿಬಾಡಿ, ಅಂದ್ರೆ ಶತ್ರು ಅಂತ ಗುರುತು ಹಾಕೋ ಪ್ರೋಟೀನ್, ಅಂಟಿಸ್ಬಿಡತ್ತೆ. ಹಾಗೆ ಗುರುತು ಬಿದ್ದ ಪ್ಲೇಟ್‌ಲೆಟ್ ಸ್ಪ್ಲೀನ್ (ಗುಲ್ಮ) ಮೂಲಕ ಹಾದು ಹೋಗೋವಾಗ ಅಲ್ಲಿರೋ ಮ್ಯಾಕ್ರೋಫೇಜ್ ಅನ್ನೋ ಜೀವಕೋಶಗಳು ಹಿಡಿದು ನುಂಗಿಬಿಡ್ತವೆ. ಎಷ್ಟೋ ಜನರಲ್ಲಿ ಬೋನ್ ಮ್ಯಾರೋ (ಮೂಳೆಮಜ್ಜೆ) ಪ್ಲೇಟ್‌ಲೆಟ್ ತಯಾರು ಮಾಡ್ತಾನೇ ಇರತ್ತೆ, ಆದ್ರೆ ನುಂಗೋ ವೇಗ ಜಾಸ್ತಿ ಆಗಿರತ್ತೆ. ಇದೇ ಕಥೆ ಕೆಂಪು ರಕ್ತಕಣಕ್ಕೆ ಆದ್ರೆ ಹೀಮೊಲಿಟಿಕ್ ಅನೀಮಿಯಾ. ಸ್ಟೀರಾಯ್ಡ್ ಇಡೀ ಗಲಾಟೆಯನ್ನ ಒಂದೇ ಸಲಕ್ಕೆ ಅಡಗಿಸತ್ತೆ, ಅದಕ್ಕೇ ಬೇಗ ಏರೋದು, ಆದ್ರೆ ಅದೇ ಡೋಸ್ ತಿಂಗಳುಗಟ್ಟಲೆ ಕೊಟ್ರೆ ಮೂಳೆ, ಸಕ್ಕರೆ, ಬಿಪಿ, ಕಣ್ಣು, ಇನ್ಫೆಕ್ಷನ್ ಅಂತ ಒಂದೊಂದೇ ಶುರುವಾಗತ್ತೆ. ನಿಮ್ಮ ತಂಗಿ ಸಿಕ್ಕಿ ಹಾಕ್ಕೊಂಡಿರೋದು ಇಲ್ಲೇ, ನನ್ನ ಹತ್ರ ಬರೋ ಎಷ್ಟೋ ಹೆಣ್ಮಕ್ಕಳು ಸಿಕ್ಕಿ ಹಾಕ್ಕೊಂಡಿರೋದೂ ಇಲ್ಲೇ.

ಗಂಡಸರ ಹಾರ್ಮೋನ್ ಯಾಕೆ ಅಂದ್ರೆ, ಲೂಪಸ್ ಇರೋ 10 ಜನದಲ್ಲಿ ಸುಮಾರು 9 ಜನ ಹೆಂಗಸರು, ಅದೂ ಹೆಚ್ಚಾಗಿ ಮಕ್ಕಳಾಗೋ ವಯಸ್ಸಿನಲ್ಲಿ. ಹಾರ್ಮೋನ್‌ಗೂ ಇದಕ್ಕೂ ಏನೋ ನಂಟಿರಬೇಕು ಅಂತ ತುಂಬಾ ಹಿಂದೆನೇ ಅನುಮಾನ ಬಂದಿತ್ತು. ತಾನಾಗೇ ಲೂಪಸ್ ಥರದ ಕಾಯಿಲೆ ಬರೋ ಒಂದು ಜಾತಿ ಇಲಿ ಇದೆ. 1978ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆಣ್ಣಿಲಿಗಳಿಗೆ ಆಂಡ್ರೋಜೆನ್, ಅಂದ್ರೆ ಗಂಡು ಹಾರ್ಮೋನ್, ಕೊಟ್ಟಾಗ ಅವು ಹೆಚ್ಚು ದಿನ ಬದುಕಿದ್ವು, ಗಂಡಿಲಿಗಳ ವೃಷಣ ತೆಗೆದಾಗ ಕಾಯಿಲೆ ಜೋರಾಯ್ತು. ಇಲಿಯಲ್ಲಿ ಆದದ್ದು ಮನುಷ್ಯರಲ್ಲೂ ಹಾಗೇ ಆಗಬೇಕು ಅಂತೇನಿಲ್ಲ, ಆದ್ರೂ ದಾರಿ ತೋರಿಸಿದ್ದು ಅದು.

ಡ್ಯಾನಜಾಲ್ ಅಂದ್ರೆ ನೇರ ಟೆಸ್ಟೋಸ್ಟೆರಾನ್ ಕೊಡೋದಲ್ಲ, ಅದೇ ಕುಟುಂಬದ, ಲ್ಯಾಬ್‌ನಲ್ಲಿ ಮಾಡಿದ, ಗಂಡು ಹಾರ್ಮೋನಿನ ಗುಣ ಸ್ವಲ್ಪ ಮಾತ್ರ ಇರೋ ಔಷಧಿ. 1970ರ ದಶಕದಿಂದ ಎಂಡೊಮೆಟ್ರಿಯೋಸಿಸ್‌ಗೆ, ಅಂದ್ರೆ ಹೆಂಗಸರ ಕಾಯಿಲೆಗೇ ಬಳಸ್ತಾ ಬಂದಿದಾರೆ. 1983ರಲ್ಲಿ ಇದನ್ನ ಐಟಿಪಿ ರೋಗಿಗಳಿಗೆ, ಅಂದ್ರೆ ಲೂಪಸ್ ಇಲ್ದೇನೂ ಇದೇ ಥರ ಆಂಟಿಬಾಡಿಯಿಂದ ಪ್ಲೇಟ್‌ಲೆಟ್ ಬೀಳೋರಿಗೆ, ಕೊಟ್ಟು ನೋಡಿದ ವರದಿ ಬಂತು, ಕೆಲವರಲ್ಲಿ ಕೌಂಟ್ ಏರ್ತು. ಹೇಗೆ ಅನ್ನೋದಕ್ಕೆ ಒಂದು ಒಳ್ಳೇ ಸುಳಿವು 1987ರ ಅಧ್ಯಯನದಲ್ಲಿ ಸಿಕ್ತು. ಮ್ಯಾಕ್ರೋಫೇಜ್ ಆಗೋ ಮೊನೋಸೈಟ್ ಕೋಶಗಳ ಮೈಮೇಲೆ ಆಂಟಿಬಾಡಿನ ಹಿಡ್ಕೊಳ್ಳೋ ಎಫ್‌ಸಿ ರಿಸೆಪ್ಟರ್ ಅಂತ ಕೊಕ್ಕೆಗಳಿರ್ತವೆ, ಡ್ಯಾನಜಾಲ್ ತಗೊಂಡವರಲ್ಲಿ ಆ ಕೊಕ್ಕೆಗಳ ಸಂಖ್ಯೆ ಕಡಿಮೆ ಆಗಿತ್ತು. ಆಂಟಿಬಾಡಿ ಇನ್ನೂ ಅಂಟಿರಬಹುದು, ಆದ್ರೆ ಹಿಡಿಯೋ ಕೈ ಕಮ್ಮಿ ಆದ್ರೆ ನುಂಗೋದೂ ಕಮ್ಮಿ.

ಹಾಗಿದ್ರೆ ಮತ್ತೆ ಟೆಸ್ಟ್ ಯಾಕೆ ಅಂತ ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಇಡೀ ಪತ್ರದಲ್ಲಿ ನನಗೆ ತುಂಬಾ ಮುಖ್ಯ ಅನ್ಸಿದ್ದು ಅದೇ. ಲೂಪಸ್ ರೋಗಿಗಳಲ್ಲಿ ಡ್ಯಾನಜಾಲ್ ಬಗ್ಗೆ ಇರೋದು ಹೆಚ್ಚಿನಂಶ ಕೆಲವೇ ರೋಗಿಗಳ ಸಣ್ಣ ಸಣ್ಣ ವರದಿಗಳು, ಹೋಲಿಸಿ ನೋಡೋಕೆ ಇನ್ನೊಂದು ಗುಂಪು ಇಲ್ದೇ ಇರೋವು. ಲೂಪಸ್‌ನಲ್ಲಿ ಕೌಂಟ್ ತಾನಾಗೇ ಏರತ್ತೆ ಇಳಿಯತ್ತೆ. ಅದರ ಜೊತೆಗೆ ಸ್ಟೀರಾಯ್ಡ್ ನಡೀತಿರತ್ತೆ, ಲೂಪಸ್‌ಗೆ ಕೊಡೋ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ನಡೀತಿರತ್ತೆ, ಕೆಲವರಿಗೆ ಅಜಥಯೋಪ್ರಿನ್ ಮಾತ್ರೆನೂ ಇರತ್ತೆ, ಕೊನೆಗೆ ಕೌಂಟ್ 80 ಸಾವಿರ ಬಂತು ಅಂದ್ರೆ ಅದು ಯಾವುದರ ಪುಣ್ಯ? ಹೇಳೋಕಾಗಲ್ಲ. ಇನ್ನೊಂದು, ಚೆನ್ನಾಗಾದ ರೋಗಿಯ ಕಥೆ ಪತ್ರಿಕೆಗೆ ಹೋಗತ್ತೆ, ಆಗದೇ ಇದ್ದವರ ಕಥೆ ಫೈಲ್‌ನಲ್ಲೇ ಉಳಿಯತ್ತೆ. ಅದಕ್ಕೇ ಚೀಟಿ ಎತ್ತಿದ ಹಾಗೆ ರೋಗಿಗಳನ್ನ ಎರಡು ಗುಂಪು ಮಾಡಿ, ಯಾರಿಗೆ ಯಾವುದು ಅಂತ ಡಾಕ್ಟರಿಗೂ ರೋಗಿಗೂ ಗೊತ್ತಾಗದ ಹಾಗೆ ಇಟ್ಟು ನೋಡೋದು. ಐಟಿಪಿಯಲ್ಲಿ ಹೀಗೆ ಗುಂಪು ಮಾಡಿ ಹೋಲಿಸಿದ ಒಂದು ಅಧ್ಯಯನ 2017ರಲ್ಲಿ ಚೀನಾದಿಂದ ಬಂತು, ಆಗ ಡ್ಯಾನಜಾಲ್ ಒಂದನ್ನೇ ತಗೊಂಡವರಲ್ಲಿ ಒಂದು ವರ್ಷದ ಹೊತ್ತಿಗೂ ಪರಿಣಾಮ ಉಳಿದಿದ್ದು ಸುಮಾರು ಕಾಲು ಭಾಗ ಜನಕ್ಕೆ, ಅದರ ಜೊತೆ ರೆಟಿನಾಯಿಕ್ ಆಸಿಡ್ ಅನ್ನೋ ವಿಟಮಿನ್ ಎ ಮೂಲದ ಔಷಧಿ ಸೇರಿಸಿದಾಗ ಶೇ. 62ರಷ್ಟು ಜನಕ್ಕೆ. ಒಂಟಿಯಾಗಿ ಕೊಟ್ರೆ ಎಲ್ಲಾರಿಗೂ ಆಗೋ ಔಷಧಿ ಅಲ್ಲ ಅಂತ ಇದರಿಂದ ತಿಳ್ಕೊಳ್ಳಿ, ಹಾಗಂತ ಯಾರಿಗೂ ಆಗಲ್ಲ ಅಂತಾನೂ ಅಲ್ಲ.

ಈಗ ನಾನು ಗಟ್ಟಿಯಾಗಿ ಹೇಳ್ಬೇಕಿರೋ ವಿಷಯ. ಟ್ರಯಲ್ ಪೇಪರ್ ಕೈಗೆ ಬಂದಾಗ ಎಲ್ಲಾರೂ ಪ್ಲೇಟ್‌ಲೆಟ್ ಎಷ್ಟು ಏರತ್ತೆ ಅನ್ನೋ ಒಂದೇ ಸಾಲು ಹುಡುಕ್ತಾರೆ, ನೀವು ಮಾತ್ರ ಸ್ಟೀರಾಯ್ಡ್ ಎಷ್ಟು ಇಳಿಸ್ತಾರೆ, ಯಾವಾಗಿಂದ ಇಳಿಸ್ತಾರೆ ಅನ್ನೋ ಸಾಲು ಹುಡುಕಿ. ನಿಮ್ಮ ತಂಗಿ ಕೌಂಟ್ ಸ್ಟೀರಾಯ್ಡ್ ಜಾಸ್ತಿ ಇದ್ದಾಗ ಹೇಗೂ ಏರ್ತಿದೆ, ಅದನ್ನ ಇನ್ನೊಂದು ಸಲ ತೋರಿಸೋಕೆ ಹೊಸ ಮಾತ್ರೆ ಬೇಡ. ಯುರೋಪಿನ ರುಮಟಾಲಜಿ ಸಂಸ್ಥೆ ಯುಲಾರ್‌ನ 2023ರ ಮಾರ್ಗಸೂಚಿ ಪ್ರಕಾರ ಲೂಪಸ್‌ನಲ್ಲಿ ದೀರ್ಘಕಾಲ ಕೊಡೋ ಸ್ಟೀರಾಯ್ಡ್, ಅಂದ್ರೆ ಪ್ರೆಡ್ನಿಸೊಲೋನ್, ದಿನಕ್ಕೆ 5 ಮಿ.ಗ್ರಾಂ ದಾಟಬಾರದು, ಸಾಧ್ಯವಾದ್ರೆ ಪೂರ್ತಿ ಬಿಡಿಸ್ಬೇಕು. ಆ ಡೋಸ್‌ಗೆ ಬಂದ್ಮೇಲೂ ಕೌಂಟ್ ಸುರಕ್ಷಿತ ಮಟ್ಟದಲ್ಲಿ ನಿಲ್ತಾ, ಮಧ್ಯೆ ಎಮರ್ಜೆನ್ಸಿ ಔಷಧಿ ಬೇಕಾಗ್ಲಿಲ್ವಾ, ರಕ್ತ ಸೋರ್ಲಿಲ್ವಾ, ಇದನ್ನ ಅಳೆಯೋ ಟ್ರಯಲ್ ಆದ್ರೆ ಅದು ನಿಮ್ಮ ತಂಗಿಯ ಕಷ್ಟವನ್ನೇ ಅಳೀತಿದೆ ಅಂತ ಅರ್ಥ. ಸಾಮಾನ್ಯವಾಗಿ ಕೌಂಟ್ 30 ಸಾವಿರ ದಾಟಿ, ಮೊದಲಿದ್ದದ್ದಕ್ಕಿಂತ ಎರಡರಷ್ಟಾದ್ರೆ ಔಷಧಿ ಕೆಲಸ ಮಾಡ್ತು ಅಂತಾರೆ, 1 ಲಕ್ಷ ದಾಟಿದ್ರೆ ಪೂರ್ತಿ ಅಂತಾರೆ, ಅದೂ ಒಂದೇ ರಿಪೋರ್ಟ್ ನೋಡಿ ಅಲ್ಲ, ಕೆಲವು ದಿನ ಬಿಟ್ಟು ಮತ್ತೊಂದು ಸಲ ಮಾಡಿಸಿ.

ಹಾಗೇ ತಾಳ್ಮೆ ಬೇಕು. ದಿನಕ್ಕೆ 400ರಿಂದ 800 ಮಿ.ಗ್ರಾಂ ತಗೊಂಡ್ರೂ ಪರಿಣಾಮ ಕಾಣೋಕೆ 2-3 ತಿಂಗಳು, ಕೆಲವರಿಗೆ 6 ತಿಂಗಳೂ ಆಗತ್ತೆ. ಮೂರೇ ವಾರಕ್ಕೆ ಏನೂ ಆಗ್ಲಿಲ್ಲ ಅಂತ ಬಿಟ್ರೆ ಆ ಔಷಧಿಗೆ ಅವಕಾಶನೇ ಕೊಟ್ಟಂಗಾಗಲ್ಲ. ಅಲ್ಲೀತನಕ ಸ್ಟೀರಾಯ್ಡ್ ಮುಂದುವರಿಯತ್ತಾ, ಕೌಂಟ್ ಎಷ್ಟಕ್ಕೆ ಇಳಿದ್ರೆ ಏನು ಕೊಡ್ತಾರೆ ಅಂತ ಬರಹದಲ್ಲಿ ಇದ್ಯಾ ನೋಡಿ. ಬರೀ ಸಕ್ಕರೆ ಮಾತ್ರೆ ಕೊಟ್ಟು ಸುಮ್ನೆ ಕೂರಿಸ್ತಾರೆ ಅನ್ನೋ ಭಯ ಇದ್ರೆ ಅದನ್ನೂ ನೇರವಾಗಿ ಕೇಳಿ, ಸರಿಯಾಗಿ ಮಾಡಿದ ಟ್ರಯಲ್‌ನಲ್ಲಿ ಪ್ಲಸಿಬೋ ಗುಂಪಿನವರಿಗೂ ಮಾಮೂಲಿ ಚಿಕಿತ್ಸೆ ನಡೀತಿರಬೇಕು.

ಈ ಉತ್ತರಗಳು ಸಮಾಧಾನ ತಂದ್ರೆ, ಕೆಳಗೆ ಬರೋ ಅಡ್ಡಿಗಳು ಯಾವುದೂ ಅವರಿಗೆ ಇಲ್ದಿದ್ರೆ, ಸೇರೋದ್ರಲ್ಲಿ ತಪ್ಪಿಲ್ಲ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಧ್ವನಿ ಗಡಸಾಗತ್ತೆ, ಮೀಸೆ ಬರತ್ತೆ ಅಂತ ಕೇಳಿದೀನಿ. ಮುಂದೆ ಮಗು ಆಗೋಕೆ ತೊಂದರೆ ಆಗತ್ತಾ?

ಉತ್ತರ: ಮೊಡವೆ, ತೂಕ, ಎಣ್ಣೆ ಚರ್ಮ, ಮುಖದಲ್ಲಿ ಕೂದಲು, ಮುಟ್ಟು ಏರುಪೇರಾಗೋದು ಇವೆಲ್ಲ ಆಗಬಹುದು, ಹೆಚ್ಚಿನವು ಮಾತ್ರೆ ನಿಲ್ಲಿಸಿದ್ಮೇಲೆ ಕಡಿಮೆ ಆಗತ್ವೆ. ಧ್ವನಿ ಮಾತ್ರ ಹಾಗಲ್ಲ, ಗಡಸಾದ ಧ್ವನಿ ಕೆಲವರಿಗೆ ವಾಪಸ್ ಬರೋದೇ ಇಲ್ಲ. ಹಾಡೋರು, ಪಾಠ ಮಾಡೋರು ಇದನ್ನ ಮೊದಲೇ ಡಾಕ್ಟರಿಗೆ ಹೇಳ್ಬೇಕು, ಗಂಟಲು ಸ್ವಲ್ಪ ಒರಟಾಯ್ತು ಅನ್ಸಿದ ದಿನಾನೇ ಫೋನ್ ಮಾಡ್ಬೇಕು, ಮುಂದಿನ ವಿಸಿಟ್‌ಗೆ ಕಾಯಬಾರದು.

ಗರ್ಭಿಣಿ ಇರೋವಾಗ ಈ ಮಾತ್ರೆ ಖಡಾಖಂಡಿತ ಬೇಡ, ಹೊಟ್ಟೆಯಲ್ಲಿ ಹೆಣ್ಣುಮಗು ಇದ್ರೆ ಅದರ ಜನನಾಂಗ ಗಂಡಿನ ಥರ ಬೆಳೆಯೋ ಅಪಾಯ ಇದೆ. ಎದೆಹಾಲು ಕೊಡೋವಾಗ್ಲೂ ಬೇಡ. ಶುರು ಮಾಡೋ ಮುಂಚೆ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಸ್ತಾರೆ. ಮತ್ತೆ ದಯವಿಟ್ಟು ಇದನ್ನ ನೆನಪಿಟ್ಕೊಳ್ಳಿ, ಡ್ಯಾನಜಾಲ್‌ನಿಂದ ಮುಟ್ಟು ನಿಂತ್ರೂ ಗರ್ಭ ನಿಲ್ಲೋ ಸಾಧ್ಯತೆ ಇರತ್ತೆ, ಅದಕ್ಕೆ ಕಾಂಡೋಮ್, ಕಾಪರ್ ಟಿ ಥರ ಹಾರ್ಮೋನ್ ಇಲ್ಲದ ವಿಧಾನ ಬಳಸಬೇಕು. ಕಾಪರ್ ಟಿಯಿಂದ ಕೆಲವರಿಗೆ ಮುಟ್ಟು ಜಾಸ್ತಿ ಹೋಗತ್ತೆ, ಪ್ಲೇಟ್‌ಲೆಟ್ ಕಡಿಮೆ ಇರೋರು ಗೈನಕಾಲಜಿಸ್ಟ್ ಹತ್ರ ಮಾತಾಡಿನೇ ಹಾಕಿಸ್ಕೊಳ್ಳಿ.

ಧ್ವನಿ, ಮೀಸೆ ಬಗ್ಗೆ ಎಲ್ಲಾರೂ ಕೇಳ್ತಾರೆ, ಲಿವರ್ ಬಗ್ಗೆ ಯಾರೂ ಕೇಳಲ್ಲ. ಲಿವರ್ ಟೆಸ್ಟ್ ಆಗಾಗ ಮಾಡಿಸ್ಬೇಕು, ವರ್ಷಗಟ್ಟಲೆ ತಗೊಳ್ಳೋರಿಗೆ ಲಿವರ್ ಸ್ಕ್ಯಾನ್ ಕೂಡ, ಯಾಕಂದ್ರೆ ಅಪರೂಪಕ್ಕೆ ಲಿವರ್‌ನಲ್ಲಿ ಗಡ್ಡೆ, ರಕ್ತ ತುಂಬಿದ ಗುಳಿಗಳು ಆಗ್ತವೆ. ಒಳ್ಳೇ ಕೊಲೆಸ್ಟ್ರಾಲ್ ಕಡಿಮೆ ಆಗತ್ತೆ, ಕೆಟ್ಟದ್ದು ಏರತ್ತೆ. ತಲೆನೋವಿನ ಜೊತೆ ಕಣ್ಣು ಮಂಜಾದ್ರೆ ತಲೆಯೊಳಗೆ ಒತ್ತಡ ಜಾಸ್ತಿ ಆಗಿರಬಹುದು, ತಡ ಮಾಡದೆ ತೋರಿಸಿ.

ಪ್ರಶ್ನೆ: ನನಗೆ ಲೂಪಸ್ ಜೊತೆ ಆಂಟಿಫಾಸ್ಫೋಲಿಪಿಡ್ ಅನ್ನೋ ರಕ್ತ ಹೆಪ್ಪುಗಟ್ಟಿಸೋ ಆಂಟಿಬಾಡಿ ಪಾಸಿಟಿವ್, ರಕ್ತ ತೆಳು ಮಾಡೋ ವಾರ್ಫರಿನ್ ತಗೋತೀನಿ. ಪ್ಲೇಟ್‌ಲೆಟ್ 60 ಸಾವಿರ. ಕೌಂಟ್ ಕಡಿಮೆ ಇದ್ಮೇಲೆ ಕ್ಲಾಟ್ ಆಗಲ್ಲ ಅಲ್ವಾ, ಡ್ಯಾನಜಾಲ್ ತಗೋಬಹುದಾ?

ಉತ್ತರ: ಕ್ಲಾಟ್ ಆಗಲ್ಲ ಅನ್ನೋ ನಂಬಿಕೆ ತಪ್ಪು, ಈ ಆಂಟಿಬಾಡಿ ಇದ್ದಾಗ ಕೌಂಟ್ ಕಡಿಮೆ ಇದ್ದೂ ರಕ್ತ ಹೆಪ್ಪುಗಟ್ಟತ್ತೆ. ಡ್ಯಾನಜಾಲ್‌ಗೆ ಹೆಪ್ಪುಗಟ್ಟೋ ಅಪಾಯದ ಎಚ್ಚರಿಕೆ ಬೇರೆ ಇದೆ, ವಾರ್ಫರಿನ್ ಜೊತೆ ಸೇರಿದ್ರೆ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅನ್ನೋ ಅಳತೆ) ಏರಿ ರಕ್ತ ಸೋರೋ ಅಪಾಯವೂ ಇದೆ, ಎರಡೂ ಕಡೆಯಿಂದ ಕಷ್ಟ. ನಿಮಗೆ ಇದು ಸರಿಯಾದ ಆಯ್ಕೆ ಅಂತ ನನಗೆ ಅನ್ಸಲ್ಲ. ಎಲ್ಟ್ರೋಂಬೊಪ್ಯಾಗ್ ಥರದ್ದು, ಅಂದ್ರೆ ಪ್ಲೇಟ್‌ಲೆಟ್ ಹುಟ್ಟಿಸೋ ನಮ್ಮದೇ ಹಾರ್ಮೋನಿನ ಕೆಲಸ ಮಾಡೋ ಮಾತ್ರೆ, ಅದಕ್ಕೂ ನಿಮ್ಮಂಥವರಲ್ಲಿ ಇದೇ ಎಚ್ಚರಿಕೆ ಬೇಕು. ಬೇರೆ ದಾರಿಗಳಿವೆ, ನಿಮ್ಮ ರುಮಟಾಲಜಿಸ್ಟ್ ಹತ್ರ ರಿಟುಕ್ಸಿಮ್ಯಾಬ್, ಮೈಕೋಫಿನೊಲೇಟ್ ಅನ್ನೋ ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಿಗಳ ಬಗ್ಗೆ ಕೇಳಿ.

ಪ್ರಶ್ನೆ: ಅಮ್ಮನಿಗೆ ಲೂಪಸ್‌ನಿಂದ ಹೀಮೊಲಿಟಿಕ್ ಅನೀಮಿಯಾ. ಡ್ಯಾನಜಾಲ್ ಶುರು ಮಾಡಿದ್ಮೇಲೆ ಹಿಮೋಗ್ಲೋಬಿನ್ 7ರಿಂದ 10 ಆಗಿದೆ. ಕಾಯಿಲೆ ಹೋಯ್ತು ಅಂತ ಅಂದ್ಕೋಬಹುದಾ?

ಉತ್ತರ: ಏರಿದ್ದು ಸಂತೋಷದ ವಿಷಯ, ಆದ್ರೆ ಅದೊಂದರಿಂದ ತೀರ್ಮಾನ ಮಾಡ್ಬೇಡಿ. ಆಂಡ್ರೋಜೆನ್ ಗುಣ ಇರೋ ಯಾವ ಔಷಧಿನೂ ಬೋನ್ ಮ್ಯಾರೋನಲ್ಲಿ ಕೆಂಪು ಕಣ ಹೆಚ್ಚು ತಯಾರಾಗೋ ಹಾಗೆ ಮಾಡತ್ತೆ. ಅಂದ್ರೆ ಒಳಗೆ ಒಡೆಯೋದು ನಡೀತಾನೇ ಇದ್ದು, ತಯಾರಾಗೋದು ಜಾಸ್ತಿ ಆಗಿಯೂ ನಂಬರ್ ಏರಬಹುದು. ಒಡೆಯೋದು ನಿಂತಿದ್ಯಾ ಅಂತ ಗೊತ್ತಾಗ್ಬೇಕಾದ್ರೆ ಎಲ್‌ಡಿಹೆಚ್, ಬಿಲಿರುಬಿನ್, ಹ್ಯಾಪ್ಟೊಗ್ಲೋಬಿನ್, ರೆಟಿಕ್ಯುಲೋಸೈಟ್ ಕೌಂಟ್ ಈ ರಕ್ತ ಪರೀಕ್ಷೆಗಳನ್ನ ಒಟ್ಟಿಗೆ ನೋಡ್ಬೇಕು. ಕೆಂಪು ಕಣಕ್ಕೆ ಆಂಟಿಬಾಡಿ ಅಂಟಿದ್ಯಾ ಅಂತ ನೋಡೋ ಕೂಂಬ್ಸ್ ಟೆಸ್ಟ್ ಎಷ್ಟೋ ಜನರಲ್ಲಿ ಚೆನ್ನಾಗಾದ್ಮೇಲೂ ಪಾಸಿಟಿವ್ ಇರತ್ತೆ, ಅದೊಂದಕ್ಕೇ ಹೆದರ್ಬೇಡಿ. ಫೋಲಿಕ್ ಆಸಿಡ್ ನಿಲ್ಲಿಸಿಲ್ಲ ತಾನೆ? ಈ ಅನೀಮಿಯಾ ಬಗ್ಗೆ ಡ್ಯಾನಜಾಲ್ ಪುರಾವೆ ಪ್ಲೇಟ್‌ಲೆಟ್‌ಗಿಂತಲೂ ತೆಳು, ಅದಕ್ಕೇ ಹಿಮೋಗ್ಲೋಬಿನ್ ಒಂದನ್ನೇ ಅಳೆಯೋ ಟ್ರಯಲ್ ಸಾಲದು ಅಂತ ನಾನು ಹೇಳೋದು.

ಪ್ರಶ್ನೆ: ಡಿಹೆಚ್‌ಇಎ ಅನ್ನೋ ಹಾರ್ಮೋನ್ ಸಪ್ಲಿಮೆಂಟ್ ಆನ್‌ಲೈನ್‌ನಲ್ಲಿ ಸಿಗತ್ತೆ, ಲೂಪಸ್‌ಗೆ ಒಳ್ಳೇದಂತೆ. ನಾನೇ ತಗೊಂಡ್ರೆ?

ಉತ್ತರ: ಬೇಡ. ಇದನ್ನ ದಿನಕ್ಕೆ 200 ಮಿ.ಗ್ರಾಂ ಪ್ರಮಾಣದಲ್ಲಿ ಲೂಪಸ್ ಹೆಂಗಸರಲ್ಲಿ ಟ್ರಯಲ್ ಮಾಡಿದಾರೆ, ಸಿಕ್ಕ ಲಾಭ ಸಣ್ಣದು, ಅಮೆರಿಕದ ಎಫ್‌ಡಿಎ ಲೂಪಸ್‌ಗೆ ಔಷಧಿಯಾಗಿ ಒಪ್ಪಿಗೆ ಕೊಡ್ಲಿಲ್ಲ. ಆ ಟ್ರಯಲ್‌ಗಳು ನೋಡಿದ್ದು ಒಟ್ಟಾರೆ ಕಾಯಿಲೆಯನ್ನ, ಪ್ಲೇಟ್‌ಲೆಟ್ ಏರಿಸೋಕೆ ಅಂತ ಅಲ್ಲ. ಡಬ್ಬಿ ಮೇಲೆ ಬರೆದಷ್ಟೇ ಒಳಗಿರತ್ತೆ ಅನ್ನೋ ಖಾತ್ರಿ ಸಪ್ಲಿಮೆಂಟ್‌ಗೆ ಇಲ್ಲ.

ಪ್ರಶ್ನೆ: ಟ್ರಯಲ್‌ಗೆ ಸೇರಿದ್ಮೇಲೆ ಬೇಡ ಅನ್ಸಿದ್ರೆ ಬಿಡಬಹುದಾ? ಡಾಕ್ಟರು ಬೇಜಾರು ಮಾಡ್ಕೊಂಡು ಮುಂದೆ ನೋಡದೇ ಹೋದ್ರೆ?

ಉತ್ತರ: ಯಾವಾಗ ಬೇಕಾದ್ರೂ ಬಿಡಬಹುದು, ಕಾರಣ ಹೇಳಲೇಬೇಕು ಅಂತಿಲ್ಲ. ಮಾಮೂಲಿ ಚಿಕಿತ್ಸೆಗೆ ಅದರಿಂದ ಧಕ್ಕೆ ಆಗಬಾರದು, ಇದು 1964ರ ಹೆಲ್ಸಿಂಕಿ ಘೋಷಣೆಯಿಂದ ಬಂದ ವೈದ್ಯಕೀಯ ಸಂಶೋಧನೆಯ ನಿಯಮದಲ್ಲಿರೋ ಹಕ್ಕು, ಯಾರೋ ಕೊಡೋ ಉಪಕಾರ ಅಲ್ಲ. ಯಾರಾದ್ರೂ ಒತ್ತಡ ಹಾಕಿದ್ರೆ ಕನ್ಸೆಂಟ್ ಫಾರ್ಮ್‌ನಲ್ಲೇ ಎಥಿಕ್ಸ್ ಕಮಿಟಿ ನಂಬರ್ ಇರತ್ತೆ, ಅಲ್ಲಿಗೆ ಫೋನ್ ಮಾಡಿ. ಹೇಳದೇ ಕೇಳದೇ ಮನೆಯಲ್ಲಿ ಮಾತ್ರೆ ನಿಲ್ಲಿಸೋದು ಮಾತ್ರ ಮಾಡ್ಬೇಡಿ, ಜೊತೆಗೆ ಸ್ಟೀರಾಯ್ಡ್ ಇದ್ರೆ ಅದನ್ನಂತೂ ಒಮ್ಮೆಲೇ ನಿಲ್ಲಿಸ್ಲೇಬಾರದು, ಬಿಡ್ತೀನಿ ಅಂತ ಹೇಳಿ ಕೌಂಟ್ ಮಾಡಿಸ್ಕೊಂಡು ಮುಂದಿನ ಔಷಧಿ ಏನು ಅಂತ ಬರೆಸ್ಕೊಂಡೇ ಹೊರಗೆ ಬನ್ನಿ.