ಕೆಲಸ ಬದಲಿಸುವಾಗಿನ ಅಳುಕಿನ ಕುರಿತು

ಹೊಸ ಕೆಲಸವನ್ನು ತಾವೇ ಬಯಸಿ ಪಡೆದಿದ್ದರೂ ರಾಜೀನಾಮೆ ಕೊಟ್ಟ ದಿನದಿಂದ ಸಂತೋಷಕ್ಕಿಂತ ಅಪರಾಧಿ ಭಾವವೇ ಹೆಚ್ಚಾಗಿದೆ, ಇದು ತಪ್ಪು ನಿರ್ಧಾರದ ಸೂಚನೆಯೇ ಎಂದು ಕೇಳಿದ್ದೀರಿ. ಅಲ್ಲವೆಂದೇ ನನ್ನ ಅಭಿಪ್ರಾಯ. ಕಳೆದುಕೊಳ್ಳುವುದರ ನೋವು ಅಷ್ಟೇ ಪ್ರಮಾಣದ ಲಾಭದ ಸಂತೋಷಕ್ಕಿಂತ ತೀವ್ರವಾಗಿರುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ವಿವರಿಸಿದ್ದಾರೆ. ಸಾಲದ್ದಕ್ಕೆ, ಬಿಟ್ಟುಹೋಗುವ ಸಹೋದ್ಯೋಗಿಗಳ ಮುಖಗಳು ನಿಮಗೆ ಪರಿಚಿತ, ಮುಂದೆ ಸಿಗಲಿರುವವರು ಸದ್ಯಕ್ಕೆ ಬರೀ ಇ-ಮೇಲ್ ವಿಳಾಸಗಳು. ತಂಡಕ್ಕೆ ತೊಂದರೆಯಾದೀತೆಂಬ ಅಳುಕಿದ್ದರೆ ಅರ್ಧಕ್ಕೆ ನಿಂತ ಕೆಲಸಗಳು, ಯಾವ ಗ್ರಾಹಕರಿಗೆ ಯಾವಾಗ ಫೋನ್ ಮಾಡಬೇಕೆಂಬುದು, ನಿಮ್ಮ ತಲೆಯಲ್ಲಷ್ಟೇ ಇರುವ ಸಣ್ಣಪುಟ್ಟ ವಿವರಗಳು, ಇವೆಲ್ಲವನ್ನೂ ನೋಟಿಸ್ ಅವಧಿಯ ಮೊದಲ ವಾರದಲ್ಲೇ ಬರೆದಿಡಿ. ಕೊನೆಯ ದಿನದ ಗದ್ದಲದಲ್ಲಿ ಅದು ಆಗುವ ಮಾತಲ್ಲ. ಸಂಬಳ ಹೆಚ್ಚಿಸುತ್ತೇವೆ, ಉಳಿಯಿರಿ ಎಂದು ಮೇಲಧಿಕಾರಿಗಳು ಹೇಳಿದರೆ, ಹೊರಡಲು ಕಾರಣವಾದದ್ದು ಸಂಬಳವೊಂದೇ ಆಗಿತ್ತೇ ಎಂಬುದನ್ನು ನೋಡಿಕೊಂಡು ಉತ್ತರಿಸಿ.