ಕಾಲ್ಪನಿಕ ನಿಸರ್ಗಚಿತ್ರ ಕಲಿಯಲು ಗೌಶ್ ಒಳ್ಳೆಯದೋ, ಡಿಜಿಟಲ್ಲೋ?

ನನ್ನ ಕೇಳಿದರೆ, ಮೊದಲು ಗೌಶ್, ಅಂದರೆ ನೀರಲ್ಲಿ ಕಲಸಿ ಹಚ್ಚುವ, ಕೆಳಗಿನದನ್ನು ಮುಚ್ಚುವ ದಟ್ಟ ಬಣ್ಣ. ಡಿಜಿಟಲ್‌ನಲ್ಲಿ ಅನ್‌ಡೂ ಇದೆಯಲ್ಲ, ಸುಮ್ನೆ ಒಂದರ ಮೇಲೊಂದು ಲೇಯರ್ (ಪದರ) ಬೆಳೆಯುತ್ತವೆ, ಚಿತ್ರ ಮುಗಿಯುವುದಿಲ್ಲ. ಗೌಶ್‌ನಲ್ಲಿ ಬಣ್ಣ ನೀವೇ ಬೆರೆಸಬೇಕು. ಎಲ್ಲೂ ಇಲ್ಲದ ಬೆಟ್ಟವನ್ನು ನಂಬಿಸುವುದು ಬಣ್ಣವೇ ಅಲ್ವಾ? ಹಗಲಿನ ದೃಶ್ಯವಾದರೆ, ದೂರ ಹೋದಂತೆ ಬೆಟ್ಟ ತಿಳಿಯಾಗಬೇಕು, ನೀಲಿ ಜಾಸ್ತಿಯಾಗಬೇಕು, ಅಂಚು ಮಸುಕಾಗಬೇಕು. ಕೈಯಾರೆ ಬೆರೆಸಿದರೆ ಇದು ಬೇಗ ತಲೆಗೆ ಹತ್ತುತ್ತದೆ.

ಕಿರಿಕಿರಿಯೂ ಇದೆ. ಒಣಗಿದಾಗ ತಿಳಿ ಬಣ್ಣ ಸಾಮಾನ್ಯವಾಗಿ ತುಸು ಗಾಢವಾಗುತ್ತದೆ, ಗಾಢ ಬಣ್ಣ ತಿಳಿಯಾಗುತ್ತದೆ. ಚೂರು ಕಾಗದದಲ್ಲಿ ಹಚ್ಚಿ, ಒಣಗಿಸಿ ನೋಡಿ. ನೀರು ಜಾಸ್ತಿಯಾದರೆ ಕೆಳಗಿನ ಪದರವೂ ಎದ್ದು ಕಲಸಿಹೋಗುತ್ತದೆ. ಗೌಶ್ ದುಬಾರಿ ಅನಿಸಿದರೆ ಅಭ್ಯಾಸಕ್ಕೆ ಪೋಸ್ಟರ್ ಕಲರ್ ಸಾಕು.

ಬೆಟ್ಟ ಸರಿಸಿ, ದಿಗಂತ ಇಳಿಸಿ ನೋಡುವುದಕ್ಕೆ ಮಾತ್ರ ಡಿಜಿಟಲ್ಲೇ ವಾಸಿ. ಉಚಿತವಾಗಿ ಸಿಗುವ ಕ್ರಿಟಾ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಕರಡು ಮಾಡಿಕೊಂಡು, ಆಮೇಲೆ ಕಾಗದಕ್ಕೆ ಬನ್ನಿ.