ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಮಾನವ ಪಿ53 (ಜೀವಕೋಶ ಕ್ಯಾನ್ಸರ್‌ಗೆ ತಿರುಗದಂತೆ ತಡೆಯುವ) ಪ್ರೋಟೀನ್ ಪ್ರಯೋಗಕ್ಕೆ ಆದೀತೇ? (ಕಾರವಾರದ ಎಂ.ಎಸ್ಸಿ. ವಿದ್ಯಾರ್ಥಿನಿಯ ಪ್ರಶ್ನೆ)

ಡಿಎನ್‌ಎಗೆ ಅಂಟುವುದನ್ನಷ್ಟೇ ನೋಡುವುದಾದರೆ ಧಾರಾಳವಾಗಿ ಆದೀತು. 393 ಅಮೈನೋ ಆಮ್ಲಗಳ ಸರಣಿ ಮಾನವ ಕೋಶದಲ್ಲಿರುವುದೇ. ಮಾನವ ಜೀವಕೋಶ ಅದಕ್ಕೆ ಸೇರಿಸುವ ಫಾಸ್ಫೇಟ್ ಗುಂಪುಗಳು ಮಾತ್ರ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಸಿಗುವುದಿಲ್ಲ. ಅವೇ ಬೇಕಿದ್ದರೆ ಕೀಟದ ಅಥವಾ ಸಸ್ತನಿಯ ಕೋಶಗಳಲ್ಲಿ ತಯಾರಿಸಿದ್ದನ್ನು ತರಿಸಿ.

ಬಫರ್ (ಪ್ರೋಟೀನನ್ನು ಇಡುವ ದ್ರಾವಣ) ವಿಷಯದಲ್ಲಿ ಎಚ್ಚರ. ಡಿಎನ್‌ಎ ಹಿಡಿಯುವ ಭಾಗದ ಆಕಾರವನ್ನು ಕಾಯುವುದು ಒಂದೇ ಒಂದು ಸತುವಿನ ಅಯಾನು. ಅಭ್ಯಾಸಬಲದಿಂದ, ಲೋಹದ ಅಯಾನುಗಳನ್ನು ಸೆಳೆದು ಹಿಡಿಯುವ ಇಡಿಟಿಎ ಸುರಿದರೆ ಸತು ಕಳಚಿಕೊಳ್ಳಬಹುದು. ಆಮೇಲೆ ನಿಮ್ಮ ಪ್ರಯೋಗವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಪ್ರೋಟೀನ್ ಬಂದ ದಿನವೇ ಐಸ್ ಮೇಲಿಟ್ಟು ಸಣ್ಣ ಪಾಲುಗಳಾಗಿ ಹಂಚಿ, ಮೈನಸ್ 80 ಡಿಗ್ರಿಯಲ್ಲಿಡಿ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ನಮ್ಮ ಕರಾವಳಿಯ ಆಷಾಢದಲ್ಲಿ ವಿದ್ಯುತ್ ಯಾವಾಗ ಕೈಕೊಡುತ್ತದೆಂದು ಹೇಳಲಾಗದು. ಫ್ರೀಜರಿಗೆ ಜನರೇಟರ್ ಸಂಪರ್ಕವಿದೆಯೇ ಎಂದು ವಿಚಾರಿಸಿಯೇ ಆರ್ಡರ್ ಮಾಡಿ.